ಸಡಿಲ ಸೊಂಟದ ನಾಯಿಮರಿ: ಬೇಗ ಗುರುತಿಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್. ಇಂಥ ದೊಡ್ಡ ತಳಿಯ ಮರಿ ಮನೆಯಲ್ಲಿದ್ದರೆ ಅದರ ಹಿಂಗಾಲಿನ ಮೇಲೆ ಒಂದು ಕಣ್ಣಿರಲಿ. ನಾಯಿಗೆ ಎಂಟು-ಒಂಬತ್ತು ವರ್ಷವಾಗಿ, ಎದ್ದು ನಿಲ್ಲಲು ಒದ್ದಾಡುವಾಗ ನಾವು ಡಾಕ್ಟರ್ ಹತ್ತಿರ ಓಡುತ್ತೇವೆ. "ವಯಸ್ಸಾಯ್ತು, ಅದಕ್ಕೇ ಹೀಗೆ" ಅಂದುಕೊಳ್ಳುತ್ತೇವೆ. ಎಷ್ಟೋ ನಾಯಿಗಳಲ್ಲಿ ಆ ತೊಂದರೆ ಶುರುವಾಗಿರುವುದು ಅದು ಮೂರ್ನಾಲ್ಕು ತಿಂಗಳ ಮರಿಯಾಗಿದ್ದಾಗ. ಆಗ ಯಾರೂ ಅದರ ಸೊಂಟ ಮುಟ್ಟಿ ನೋಡಿರುವುದಿಲ್ಲ.

ಈ ತೊಂದರೆಗೆ ಹಿಪ್ ಡಿಸ್‌ಪ್ಲೇಸಿಯಾ ಅಂತ ಹೆಸರು. ಪೂರ್ತಿ ವಾಸಿ ಮಾಡುವ ಮಾತ್ರೆ ಇದಕ್ಕಿಲ್ಲ. ಆದರೂ ಮೊದಲ ವರ್ಷದಲ್ಲೇ ಕಂಡುಹಿಡಿದು, ಮೈ ತೂಕ ಏರದಂತೆ ನೋಡಿಕೊಂಡರೆ ಬಹಳಷ್ಟು ನಾಯಿಗಳು ಕೊನೆಯವರೆಗೂ ಆರಾಮಾಗಿ ಓಡಾಡಿಕೊಂಡಿರುತ್ತವೆ. ಬೇಗ ನೋಡಿಸಿ, ತೆಳ್ಳಗೆ ಇಡಿ. ಮುಂದೆ ಬರೆದಿರುವುದೆಲ್ಲ ಈ ಎರಡರ ಸುತ್ತಲೇ ಇದೆ.

ಒಳಗೆ ಏನಾಗುತ್ತದೆ

ಸೊಂಟದ ಕೀಲನ್ನು ಒರಳು-ಗುಂಡಿನ ಹಾಗೆ ನೆನೆಸಿಕೊಳ್ಳಿ. ಸೊಂಟದ ಮೂಳೆಯಲ್ಲಿ ಒಂದು ಕುಳಿ. ತೊಡೆಮೂಳೆಯ ತಲೆಯಲ್ಲಿ ಒಂದು ಗುಂಡು. ಗುಂಡು ಕುಳಿಯೊಳಗೆ ಸರಿಯಾಗಿ ಕೂತು ತಿರುಗಬೇಕು. ಅದನ್ನು ಜಾಗದಲ್ಲಿ ಹಿಡಿದಿಡುವುದು ಒಳಗಿರುವ ಒಂದು ಚಿಕ್ಕ ಅಸ್ಥಿಬಂಧ (ಮೂಳೆಗೆ ಮೂಳೆ ಕಟ್ಟುವ ಗಟ್ಟಿ ನಾರು), ಕೀಲನ್ನು ಸುತ್ತಿಕೊಂಡ ಗಟ್ಟಿ ಚೀಲ, ಮತ್ತೆ ಸುತ್ತಲಿನ ತೊಡೆಯ ಮಾಂಸಖಂಡಗಳು.

ಮರಿ ಹುಟ್ಟುವಾಗ ಈ ಕೀಲು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಮೊದಲ ಕೆಲವು ವಾರ, ತಿಂಗಳುಗಳಲ್ಲಿ ಕೆಲವು ಮರಿಗಳ ಕೀಲಿನ ಕಟ್ಟು ಸಡಿಲವಾಗುತ್ತದೆ. ಆಗ ಮರಿ ಒಂದೊಂದು ಹೆಜ್ಜೆ ಊರಿದಾಗಲೂ ಗುಂಡು ಸ್ವಲ್ಪ ಮೇಲಕ್ಕೆ, ಹೊರಕ್ಕೆ ಜಾರಿ ಕುಳಿಯ ಅಂಚಿಗೆ ಒತ್ತುತ್ತದೆ. ಮರಿಯ ಮೂಳೆ ಇನ್ನೂ ಮೆತ್ತಗಿರುವ ಕಾಲ ಅದು. ಗುಂಡು ಒಳಗೆ ಕೂತು ಒತ್ತಿದರೆ ತಾನೇ ಕುಳಿ ಆಳವಾಗಿ ಬೆಳೆಯುವುದು? ಜಾರುವ ಗುಂಡಿನಿಂದ ಕುಳಿ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಗುಂಡಿನ ದುಂಡೂ ಕೆಡುತ್ತದೆ. ಮೂಳೆಯ ತುದಿಗಿರುವ ನುಣುಪಾದ ಪದರ ಸವೆಯುತ್ತದೆ. ಆಮೇಲೆ ಕೀಲಿನ ಅಲುಗಾಟ ತಡೆಯಲು ದೇಹವೇ ಸುತ್ತಲಿನ ಚೀಲವನ್ನು ದಪ್ಪ ಮಾಡಿಕೊಂಡು, ಅಂಚಿನಲ್ಲಿ ಹೊಸ ಮೂಳೆ ಬೆಳೆಸಿಕೊಳ್ಳುತ್ತದೆ. ಅದೇ ಮುಂದೆ ಆರ್ಥ್ರೈಟಿಸ್.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಘಟ್ಟವಿದೆ. ಐದರಿಂದ ಹನ್ನೆರಡು ತಿಂಗಳ ನಡುವೆ ಮರಿ ಕುಂಟುತ್ತದೆ, ಓಡಿದ ಮೇಲೆ ಕೂತುಬಿಡುತ್ತದೆ. ಒಂದು ವರ್ಷ ದಾಟುತ್ತಿದ್ದಂತೆ ಕೀಲಿನ ಚೀಲ ದಪ್ಪವಾಗಿ ಅಲುಗಾಟ ಕಡಿಮೆಯಾಗುತ್ತದೆ, ನೋವೂ ಇಳಿಯುತ್ತದೆ. ಮನೆಯವರು "ತಾನಾಗೇ ಸರಿಹೋಯ್ತು" ಅಂತ ಖುಷಿಪಡುತ್ತಾರೆ. ಸವೆತ ಮಾತ್ರ ಒಳಗೆ ನಡೆದೇ ಇರುತ್ತದೆ. ಕೆಲವು ವರ್ಷಗಳ ನಂತರ ಅದು ಬಿಗಿತವಾಗಿ, ನೋವಾಗಿ ವಾಪಸ್ ಬರುತ್ತದೆ. ಆದ್ದರಿಂದ ಮರಿಯಾಗಿದ್ದಾಗ ಕುಂಟಿ ಆಮೇಲೆ ಸುಧಾರಿಸಿದ ನಾಯಿ ನಿಮ್ಮದಾಗಿದ್ದರೆ, ಈಗ ಚೆನ್ನಾಗಿದ್ದರೂ ಒಮ್ಮೆ ಎಕ್ಸ್-ರೇ ತೆಗೆಸಿ.

ಕಾರಣ ಒಂದೇ ಅಲ್ಲ. ಮೊದಲನೆಯದು ವಂಶ. ಒಂದಲ್ಲ, ಹಲವು ಜೀನ್‌ಗಳು ಸೇರಿ ಇದನ್ನು ತರುತ್ತವೆ. ಹಾಗಾಗಿ ತಂದೆ-ತಾಯಿ ಚೆನ್ನಾಗಿದ್ದರೂ ಮರಿಗೆ ಬರಬಹುದು. ಜೀನ್ ಇದ್ದ ಮರಿಗೆ ತೊಂದರೆ ಎಷ್ಟಾಗುತ್ತದೆ ಅನ್ನುವುದನ್ನು ಊಟ, ಬೆಳೆಯುವ ವೇಗ, ಓಡಾಡುವ ನೆಲ ಎಲ್ಲ ಸೇರಿ ನಿರ್ಧರಿಸುತ್ತವೆ. ಗ್ರೇಹೌಂಡ್‌ನಂಥ ತೆಳ್ಳನೆಯ, ತೊಡೆ ಗಟ್ಟಿಯಿರುವ ಬೇಟೆನಾಯಿಗಳಲ್ಲಿ ಇದು ತೀರಾ ಅಪರೂಪ. ನಮ್ಮ ಮುಧೋಳದ ನಾಯಿಯದ್ದೂ ಅದೇ ಮೈಕಟ್ಟು. ಪಗ್, ಬುಲ್‌ಡಾಗ್ ಚಿಕ್ಕವು ಅಂತ ಸುಮ್ನೆ ಬಿಡಬೇಡಿ, ಅವುಗಳಲ್ಲಿ ಇದು ಸಾಕಷ್ಟಿದೆ.

ಮೊದಲ ಹೆಜ್ಜೆ: ಮನೆಯಲ್ಲೇ ನೋಡಿ, ವಿಡಿಯೋ ಮಾಡಿ

ನಾಯಿ ನೋವನ್ನು ಮುಚ್ಚಿಡುತ್ತದೆ. ಆಸ್ಪತ್ರೆಯ ಮೇಜಿನ ಮೇಲೆ ಅಂತೂ ಹೆದರಿಕೆಗೆ ನೆಟ್ಟಗೆ ನಿಂತುಬಿಡುತ್ತದೆ. ಡಾಕ್ಟರಿಗೆ ನಿಮ್ಮ ಫೋನಿನ ವಿಡಿಯೋ ತುಂಬಾ ಸಹಾಯ ಮಾಡುತ್ತದೆ. ಮನೆಯವರೊಬ್ಬರು ಬೆಲ್ಟ್ ಹಿಡಿದು ನಾಯಿಯನ್ನು ನೇರವಾಗಿ ನಡೆಸಲಿ. ನೀವು ಹಿಂದೆ ಕೂತು, ಫೋನನ್ನು ನಾಯಿಯ ಸೊಂಟದ ಎತ್ತರಕ್ಕೆ ಹಿಡಿದು ತೆಗೆಯಿರಿ. ಒಮ್ಮೆ ನಿಧಾನ ನಡಿಗೆ, ಒಮ್ಮೆ ಚಿಕ್ಕ ಓಟ, ಒಮ್ಮೆ ಪಕ್ಕದಿಂದ. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಮಲಗಿ ಏಳುವುದನ್ನೂ ತೆಗೆಯಿರಿ, ಅದರಲ್ಲೂ ಬೆಳಗ್ಗೆ ಮೊದಲ ಸಲ ಏಳುವುದನ್ನು.

ಆಮೇಲೆ ನಿಧಾನವಾಗಿ ಕೂತು ನೋಡಿ. ಓಡುವಾಗ ಹಿಂಗಾಲು ಎರಡೂ ಒಟ್ಟಿಗೆ ಮೊಲದ ಹಾಗೆ ಎಗರುತ್ತಿವೆಯಾ? ಹೊರದೇಶದ ಡಾಕ್ಟರುಗಳೂ ಇದನ್ನು ಮೊಲದ ಕುಪ್ಪಳಿಕೆ ಅಂತಲೇ ಕರೆಯುತ್ತಾರೆ. ನಡೆಯುವಾಗ ಸೊಂಟ ಆ ಕಡೆ ಈ ಕಡೆ ಜಾಸ್ತಿ ತೂಗುತ್ತಿದೆಯಾ? ನಿಂತಾಗ ಹಿಂಗಾಲುಗಳು ತೀರಾ ಹತ್ತಿರ ಬರುತ್ತಿವೆಯಾ? ಕೂರುವಾಗ ನೆಟ್ಟಗೆ ಕೂರದೆ ಒಂದು ಪಕ್ಕಕ್ಕೆ ಕಾಲು ಚಾಚಿ ಕೂರುತ್ತದೆಯಾ? ಮೆಟ್ಟಿಲು ಹತ್ತಲು, ಕಾರಿಗೆ ಹಾರಲು ಹಿಂದೆಮುಂದೆ ನೋಡುತ್ತದೆಯಾ? ಆಟ ಬೇರೆ ಮರಿಗಳಿಗಿಂತ ಬೇಗ ನಿಲ್ಲಿಸಿ ಮಲಗುತ್ತದೆಯಾ?

ಸ್ವಲ್ಪ ದೊಡ್ಡ ನಾಯಿಯಾದರೆ ಮೈ ಮುಟ್ಟಿ ನೋಡಿ. ನಾಯಿಯ ತೂಕದಲ್ಲಿ ಸುಮಾರು ಶೇ. 60 ಭಾಗ ಮುಂಗಾಲಿನ ಮೇಲಿರುತ್ತದೆ, ಉಳಿದದ್ದು ಹಿಂಗಾಲಿನ ಮೇಲೆ. ಸೊಂಟ ನೋಯುವ ನಾಯಿ ಇನ್ನಷ್ಟು ಭಾರವನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಭುಜ, ಎದೆ ಉಬ್ಬಿ, ತೊಡೆ ಬಡಕಲಾಗಿರುತ್ತದೆ. ಎರಡೂ ಕೈಯಿಂದ ಎರಡೂ ತೊಡೆಯನ್ನು ಒಟ್ಟಿಗೆ ಹಿಡಿದರೆ ಯಾವುದು ಸಣ್ಣಗಾಗಿದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಕಾಲನ್ನು ಎಳೆಯುವುದು, ತಿರುಗಿಸಿ "ಕಟ್ ಅನ್ನುತ್ತಾ" ಅಂತ ನೋಡುವುದು ಮಾತ್ರ ಬೇಡ. ಅದು ಡಾಕ್ಟರ್ ಕೆಲಸ.

ಎರಡನೇ ಹೆಜ್ಜೆ: ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ

ಹಿಂಗಾಲು ಸೋತ ಕೂಡಲೇ ಅದು ಹಿಪ್ ಡಿಸ್‌ಪ್ಲೇಸಿಯಾ ಅಂತ ತೀರ್ಮಾನ ಮಾಡಬಾರದು. ನಮ್ಮ ಕಡೆ ಮೊದಲು ನೋಡಬೇಕಾದದ್ದು ಉಣ್ಣಿಯಿಂದ ಬರುವ ಜ್ವರ. ಟಿಕ್ ಫೀವರ್ ಬಂದ ನಾಯಿಗೂ ಕೀಲು ಊದಿ, ಕುಂಟಿ, ಏಳಲು ಕಷ್ಟಪಡುತ್ತದೆ. ಊಟ ಬಿಟ್ಟಿದ್ದರೆ, ಮೈ ಬಿಸಿಯಿದ್ದರೆ, ವಸಡು ಬಿಳಚಿಕೊಂಡಿದ್ದರೆ ರಕ್ತ ಪರೀಕ್ಷೆ ಅದೇ ದಿನ ಆಗಲಿ. ಇದಕ್ಕೆ ಔಷಧಿ ಇದೆ, ತಡಮಾಡಿದರೆ ಜೀವಕ್ಕೇ ಅಪಾಯ.

ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಂದೇ ಕಾಲು ಎತ್ತಿಕೊಂಡರೆ ಮೊಣಕಾಲಿನ ಕ್ರುಸಿಯೇಟ್ ಅಸ್ಥಿಬಂಧ ಹರಿದಿರಬಹುದು. ಗಾಡಿಗೆ ಸಿಕ್ಕಿದ್ದರೆ ಗುಂಡು ಕುಳಿಯಿಂದ ಪೂರ್ತಿ ಹೊರಬಂದಿರಬಹುದು. ವಯಸ್ಸಾದ ಜರ್ಮನ್ ಶೆಫರ್ಡ್ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದ್ದು, ನೋವೇನೂ ಕಾಣದಿದ್ದರೆ ಬೆನ್ನುಹುರಿಯ ಕಾಯಿಲೆ ಇರಬಹುದು. ಬೆಳೆಯುವ ಮರಿಯ ಉದ್ದ ಮೂಳೆಗಳಲ್ಲೇ ನೋವು ಬಂದು ಹೋಗುವ ತೊಂದರೆಯೂ ಇದೆ. ಎರಡು ಕಾಯಿಲೆ ಒಟ್ಟಿಗೇ ಇರುವುದೂ ಉಂಟು.

ಮೂರನೇ ಹೆಜ್ಜೆ: ನಾಲ್ಕನೇ ತಿಂಗಳಲ್ಲಿ ಸೊಂಟ ನೋಡಿಸಿ

ಮರಿಯನ್ನು ಲಸಿಕೆಗೆ ಹೇಗೂ ಕರೆದೊಯ್ಯುತ್ತೀರಿ. ರೇಬೀಸ್ ಲಸಿಕೆಯ ಹೊತ್ತಿಗೆ ಮೂರ್ನಾಲ್ಕು ತಿಂಗಳಾಗಿರುತ್ತದೆ. ಆಗಲೇ "ಡಾಕ್ಟ್ರೇ, ಇವನ ಸೊಂಟ ಸಡಿಲ ಇದೆಯಾ ಒಂದ್ಸಲ ನೋಡಿ" ಅಂತ ಕೇಳಿ. ಡಾಕ್ಟರ್ ಮಾಡುವ ಮುಖ್ಯ ಪರೀಕ್ಷೆಗೆ ಆರ್ಟೊಲಾನಿ ಪರೀಕ್ಷೆ ಅಂತ ಹೆಸರು. ಮಾರಿನೊ ಆರ್ಟೊಲಾನಿ ಇಟಲಿಯ ಮಕ್ಕಳ ಡಾಕ್ಟರ್. ಹಸುಗೂಸುಗಳ ಸೊಂಟ ನೋಡಲು ಅವರು 1930ರ ದಶಕದಲ್ಲಿ ತಿಳಿಸಿದ ಪರೀಕ್ಷೆಯೇ ಈಗ ನಾಯಿಮರಿಗಳಿಗೂ ಬಳಕೆಯಲ್ಲಿದೆ. ತೊಡೆಮೂಳೆಯನ್ನು ಸೊಂಟದ ಕಡೆಗೆ ಒತ್ತಿ ಗುಂಡನ್ನು ಜಾರಿಸುತ್ತಾರೆ. ಆಮೇಲೆ ಕಾಲನ್ನು ನಿಧಾನ ಹೊರಕ್ಕೆ ತೆರೆಯುತ್ತಾರೆ. ಸಡಿಲ ಕೀಲಾದರೆ ಗುಂಡು ವಾಪಸ್ ಕುಳಿಗೆ ಬೀಳುವ ಒಂದು 'ಟಕ್' ಕೈಗೆ ಸಿಗುತ್ತದೆ. ಮರಿ ಎಚ್ಚರವಿದ್ದರೆ ಮೈ ಬಿಗಿ ಹಿಡಿಯುತ್ತದೆ, ಆಗ ಸಡಿಲ ಇದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಮತ್ತು ಬರಿಸಿ ಮಾಡುವುದೇ ಸರಿ. ಮತ್ತಿನ ಇಂಜೆಕ್ಷನ್ ಅಂದರೆ ಮನೆಯವರು ಗಾಬರಿಯಾಗುತ್ತಾರೆ. ಆರೋಗ್ಯದ ಮರಿಗೆ, ಮೊದಲೇ ಪರೀಕ್ಷೆ ಮಾಡಿ ಕೊಟ್ಟರೆ, ಅಷ್ಟು ಹೆದರಬೇಕಿಲ್ಲ.

ಆಮೇಲೆ ಎಕ್ಸ್-ರೇ. ಒಳ್ಳೆಯ ಫಿಲ್ಮ್ ಹೇಗಿರಬೇಕು ಅನ್ನುವುದು ನಿಮಗೂ ಗೊತ್ತಿರಲಿ. ದುಡ್ಡು ಕೊಟ್ಟು, ಮತ್ತಿನ ಇಂಜೆಕ್ಷನ್ ಕೊಡಿಸಿ ತೆಗೆಸಿದ ಫಿಲ್ಮ್ ಸೊಟ್ಟಗಿದ್ದರೆ ಎಲ್ಲ ವ್ಯರ್ಥ ಅಲ್ವಾ? ನಾಯಿಯನ್ನು ಅಂಗಾತ ಮಲಗಿಸಿ, ಎರಡೂ ಹಿಂಗಾಲನ್ನು ನೇರ ಹಿಂದಕ್ಕೆ ಚಾಚಿ ತೆಗೆಯುವ ಫಿಲ್ಮ್ ಇದು. ಅದರಲ್ಲಿ ಎರಡು ತೊಡೆಮೂಳೆಗಳು ಒಂದಕ್ಕೊಂದು ಸಮಾನಾಂತರ ಇರಬೇಕು. ಮಂಡಿಚಿಪ್ಪು ಮೂಳೆಯ ನಟ್ಟನಡುವೆ ಕಾಣಬೇಕು. ಸೊಂಟದ ಮೂಳೆಯಲ್ಲಿ ಎಡಕ್ಕೆ ಬಲಕ್ಕೆ ಒಂದೊಂದು ಮೊಟ್ಟೆಯಾಕಾರದ ತೂತು ಇರುತ್ತದೆ, ಅವೆರಡೂ ಒಂದೇ ಅಳತೆಯಲ್ಲಿರಬೇಕು. ಒಂದು ದೊಡ್ಡದು, ಒಂದು ಚಿಕ್ಕದು ಕಂಡರೆ ನಾಯಿ ವಾಲಿತ್ತು ಅಂತ ಅರ್ಥ. ಆಗ ಒಂದು ಸೊಂಟ ಇರುವುದಕ್ಕಿಂತ ಚೆನ್ನಾಗಿ, ಇನ್ನೊಂದು ಕೆಟ್ಟದಾಗಿ ಕಾಣುತ್ತದೆ.

ಅದು ಸರಿಯಿದ್ದರೆ ಗುಂಡಿನ ಕಡೆ ನೋಡಿ. ಕಡಿಮೆಯೆಂದರೂ ಅರ್ಧ ಗುಂಡು ಕುಳಿಯ ಅಂಚಿನ ಒಳಗಿರಬೇಕು. ಗುಂಡಿಗೂ ಕುಳಿಗೂ ನಡುವಿನ ಸಂದು ತೆಳ್ಳಗೆ, ಒಂದೇ ಸಮ ಇರಬೇಕು. ಗುಂಡಿನ ಕೆಳಗಿನ ಕತ್ತು ಸಣ್ಣಗೆ, ನುಣುಪಾಗಿ ಕಾಣಬೇಕು. ಕತ್ತು ದಪ್ಪವಾಗಿ, ಅಂಚಿನಲ್ಲಿ ಒರಟು ಬಿಳಿ ಗೆರೆಗಳಿದ್ದರೆ ಸವೆತ ಶುರುವಾಗಿದೆ. ಡಾಕ್ಟರ್ ನಾರ್‌ಬರ್ಗ್ ಕೋನ ಅಂತ ಒಂದನ್ನು ಅಳೆಯಬಹುದು, ಗುಂಡು ಕುಳಿಯೊಳಗೆ ಎಷ್ಟು ಸರಿಯಾಗಿ ಕೂತಿದೆ ಅನ್ನುವ ಲೆಕ್ಕ ಅದು. ಅದು 105 ಡಿಗ್ರಿ ಅಥವಾ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯದು, ಇಳಿದಷ್ಟೂ ಸಡಿಲ.

ಈ ಫಿಲ್ಮಿಗೆ ಒಂದು ಮಿತಿ ಇದೆ. ಕಾಲನ್ನು ಹಿಂದಕ್ಕೆ ಚಾಚಿದಾಗ ಕೀಲಿನ ಚೀಲ ತಿರುಚಿಕೊಂಡು ಗುಂಡನ್ನು ಒಳಗೆ ಎಳೆದುಬಿಡುತ್ತದೆ. ಹಾಗಾಗಿ ಮರಿಯ ಸಡಿಲ ಕೆಲವೊಮ್ಮೆ ಮುಚ್ಚಿಹೋಗುತ್ತದೆ. ಇದಕ್ಕಾಗಿಯೇ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗೇಲ್ ಸ್ಮಿತ್ ಅವರು ಪೆನ್‌ಹಿಪ್ ಅನ್ನುವ ವಿಧಾನ ರೂಪಿಸಿದರು. ಅದರಲ್ಲಿ ಗುಂಡು ಎಷ್ಟು ಹೊರಕ್ಕೆ ಬರುತ್ತದೆ ಅನ್ನುವುದನ್ನೇ ಅಳೆಯುತ್ತಾರೆ, 16 ವಾರದ ಮರಿಗೂ ಮಾಡಬಹುದು. ಆ ಅಳತೆ 0.3 ಅಥವಾ ಕಡಿಮೆ ಬಂದರೆ ಮುಂದೆ ಆರ್ಥ್ರೈಟಿಸ್ ಬರುವ ಸಂಭವ ತೀರಾ ಕಡಿಮೆ. ಇದಕ್ಕೆ ತರಬೇತಿ ಪಡೆದ ಡಾಕ್ಟರೇ ಬೇಕು. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಒಎಫ್‌ಎ ಸಂಸ್ಥೆ ಚಾಚಿದ ಕಾಲಿನ ಫಿಲ್ಮ್ ನೋಡಿ ಏಳು ದರ್ಜೆ ಕೊಡುತ್ತದೆ, ಕೊನೆಯ ಸರ್ಟಿಫಿಕೇಟಿಗೆ ನಾಯಿಗೆ 24 ತಿಂಗಳಾಗಿರಬೇಕು. ಎಫ್‌ಸಿಐ (ಅಂತರರಾಷ್ಟ್ರೀಯ ಕೆನಲ್ ಒಕ್ಕೂಟ) ಪದ್ಧತಿಯಲ್ಲಿ ಎ ಇಂದ ಇ ವರೆಗೆ ದರ್ಜೆಗಳಿವೆ. ಬ್ರಿಟನ್ನಿನಲ್ಲಿ ಎರಡೂ ಸೊಂಟ ಸೇರಿ 0 ಇಂದ 106 ಅಂಕ, ಅಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ವಿದೇಶಿ ರಕ್ತದ ಮರಿ ಅಂತ ಯಾರಾದರೂ ಕಾಗದ ತೋರಿಸಿದರೆ ಇವು ಉಪಯೋಗಕ್ಕೆ ಬರುತ್ತವೆ.

ನಿಮ್ಮೂರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ಇಲ್ಲದಿದ್ದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಈ ಕಾಲೇಜುಗಳಿವೆ. ಹೋಗುವ ಮೊದಲು ಫೋನ್ ಮಾಡಿ, ಮತ್ತಿನ ಇಂಜೆಕ್ಷನ್ ಕೊಟ್ಟು ಎಕ್ಸ್-ರೇ ಮಾಡುವ ದಿನ, ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತ ಕೇಳಿಕೊಳ್ಳಿ.

ಇನ್ನೊಂದು ಮಾತು. ಫಿಲ್ಮಿನಲ್ಲಿ ಕಾಣುವುದಕ್ಕೂ ನಾಯಿಯ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಭಯಂಕರ ಫಿಲ್ಮಿನ ನಾಯಿ ಚೆನ್ನಾಗಿ ಓಡುತ್ತಿರಬಹುದು. ಫಿಲ್ಮ್ ನೋಡಿ ಎದೆಗುಂದಬೇಡಿ. ನಾಯಿಯನ್ನು ನೋಡಿ ತೀರ್ಮಾನ ಮಾಡಿ.

ನಾಲ್ಕನೇ ಹೆಜ್ಜೆ: ತೂಕ

ಇಡೀ ಲೇಖನದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳ ಮೇಲೆ ಒಂದು ದೀರ್ಘ ಅಧ್ಯಯನ ನಡೆಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿದರು. ಎಂಟು ವಾರದಿಂದಲೇ ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿನ್ನುವುದಕ್ಕಿಂತ ಶೇ. 25ರಷ್ಟು ಕಡಿಮೆ ಊಟ, ಜೀವನಪೂರ್ತಿ. ಊಟ ಅದೇ, ಅಳತೆ ಮಾತ್ರ ಕಡಿಮೆ. 2002ರಲ್ಲಿ ಫಲಿತಾಂಶ ಬಂತು. ತೆಳ್ಳಗಿದ್ದ ಗುಂಪಿನ ಮಧ್ಯಕ ಆಯಸ್ಸು (ಅಂದರೆ ಗುಂಪಿನ ಅರ್ಧ ನಾಯಿಗಳು ದಾಟಿದ ವಯಸ್ಸು) 13 ವರ್ಷ, ಇನ್ನೊಂದರದ್ದು 11.2 ವರ್ಷ. ಸೊಂಟದ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಸೊಂಟದಲ್ಲಿ ಆರ್ಥ್ರೈಟಿಸ್ ಎಕ್ಸ್-ರೇಯಲ್ಲಿ ಕಾಣಿಸಿಕೊಂಡ ಮಧ್ಯಕ ವಯಸ್ಸು ಜಾಸ್ತಿ ತಿಂದವಕ್ಕೆ 6 ವರ್ಷ, ತೆಳ್ಳಗಿದ್ದವಕ್ಕೆ 12 ವರ್ಷ. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ. ತಟ್ಟೆಯ ಅಳತೆ ಒಂದರಿಂದ ಇಷ್ಟು ವ್ಯತ್ಯಾಸ. ಇದಕ್ಕೆ ಸಮನಾದ ಮಾತ್ರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮಲ್ಲಿ ಗುಂಡುಗುಂಡಾದ ಲ್ಯಾಬ್ರಡಾರ್ ಮರಿ ನೋಡಿದರೆ ಎಲ್ಲರಿಗೂ ಮುದ್ದು. ತೆಳ್ಳಗಿದ್ದರೆ "ಏನ್ರೀ, ಊಟ ಹಾಕಲ್ವಾ?" ಅಂತ ಕೇಳುವ ನೆಂಟರೇ ಜಾಸ್ತಿ. ಆ ಮಾತಿಗೆ ಕಿವಿಗೊಡಬೇಡಿ. ನಿಮ್ಮ ಕೈಯನ್ನು ನಂಬಿ. ಎರಡೂ ಅಂಗೈಯನ್ನು ನಾಯಿಯ ಪಕ್ಕೆಯ ಮೇಲಿಟ್ಟು ಒತ್ತದೆ ಸವರಿ. ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸುಲಭವಾಗಿ ಸಿಗಬೇಕು. ಒತ್ತಿ ಹುಡುಕಬೇಕಾದರೆ ದಪ್ಪವಾಗಿದೆ. ಮೇಲಿನಿಂದ ನೋಡಿದರೆ ಪಕ್ಕೆ ಮುಗಿದ ಮೇಲೆ ನಡು ಒಳಕ್ಕೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಹೋಗುತ್ತಾ ಮೇಲೇರಬೇಕು. ಡಾಕ್ಟರುಗಳ 9 ಅಂಕದ ಪಟ್ಟಿಯಲ್ಲಿ 4 ಅಥವಾ 5 ನಿಮ್ಮ ಗುರಿ.

ತೂಕ ನೋಡಲು ಮರಿಯನ್ನು ಎತ್ತಿಕೊಂಡು ಮನೆಯ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಎತ್ತಲಾಗದಷ್ಟು ದೊಡ್ಡದಾದರೆ ಅಕ್ಕಿ ಮಿಲ್ಲಿನ ದೊಡ್ಡ ತಕ್ಕಡಿಯೂ ಆಗುತ್ತದೆ. ಬೆಳೆಯುವ ಮರಿಗೆ ಎರಡು ವಾರಕ್ಕೊಮ್ಮೆ, ದೊಡ್ಡದಕ್ಕೆ ತಿಂಗಳಿಗೊಮ್ಮೆ ಬರೆದಿಡಿ. ದಪ್ಪ ನಾಯಿಯನ್ನು ವಾರಕ್ಕೆ ಅದರ ತೂಕದ ಶೇ. 1ರಿಂದ 2ರಷ್ಟು ಮಾತ್ರ ಇಳಿಸಿ. ದಪ್ಪಗಿದ್ದು ಕುಂಟುವ ನಾಯಿಗಳಲ್ಲಿ ಶೇ. 6ರಷ್ಟು ತೂಕ ಇಳಿಯುವ ಹೊತ್ತಿಗೇ ಕುಂಟು ಕಡಿಮೆಯಾದದ್ದು ಅಧ್ಯಯನದಲ್ಲಿ ಕಂಡಿದೆ. 35 ಕಿಲೋ ನಾಯಿಗೆ ಅದು ಎರಡು ಕಿಲೋ ಚಿಲ್ಲರೆ, ಅಷ್ಟೇ.

ತೂಕ ಏರುವುದು ಊಟಕ್ಕಿಂತ ಹೆಚ್ಚಾಗಿ ನಡುನಡುವೆ ಕೊಡುವ ತಿಂಡಿಯಿಂದ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲರಿ. ಅಜ್ಜ ಎರಡು, ಮಕ್ಕಳು ನಾಲ್ಕು, ಕೆಲಸದವರು ಎರಡು, ಟೀ ಹೊತ್ತಿಗೆ ನೀವು ಎರಡು. ಅಲ್ಲಿಗೆ 250 ಕ್ಯಾಲರಿ, 30 ಕಿಲೋ ನಾಯಿಯ ದಿನದ ಊಟದಲ್ಲಿ ಹತ್ತಿರಹತ್ತಿರ ಐದನೇ ಒಂದು ಭಾಗ. ಮನೆಯವರೆಲ್ಲ ಒಪ್ಪಂದಕ್ಕೆ ಬರಬೇಕು. ಬೆಳಗ್ಗೆಯೇ ದಿನದ ಆಹಾರ ಅಳೆದು ಒಂದು ಡಬ್ಬಿಗೆ ಹಾಕಿಡಿ. ಯಾರೇ ಏನೇ ಕೊಡಬೇಕೆಂದರೂ ಆ ಡಬ್ಬಿಯಿಂದಲೇ ತೆಗೆದು ಕೊಡಲಿ. ಬಿಸ್ಕತ್ತಿನ ಬದಲು ಸೌತೆಕಾಯಿ, ಬೇಯಿಸಿದ ಬೀನ್ಸ್ ಚೂರು ಕೊಡಿ.

ಇನ್ನು ಕ್ಯಾಲ್ಸಿಯಂ. ಮರಿ ತಂದ ದಿನವೇ ಪೆಟ್ ಅಂಗಡಿಯಲ್ಲಿ ಕ್ಯಾಲ್ಸಿಯಂ ಸಿರಪ್ ಕೈಗಿಡುತ್ತಾರೆ. "ಮೂಳೆ ಗಟ್ಟಿಯಾಗುತ್ತೆ" ಅನ್ನುತ್ತಾರೆ. ಸುಮಾರು ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಿನ ಕ್ಯಾಲ್ಸಿಯಂ ತಡೆಯುವ ಶಕ್ತಿ ಕಡಿಮೆ, ಕೊಟ್ಟಷ್ಟನ್ನು ಹೀರಿಕೊಳ್ಳುತ್ತದೆ. ದೊಡ್ಡ ತಳಿಗಳಲ್ಲಿ ಇದರಿಂದ ಮೂಳೆ, ಕೀಲಿನ ಬೆಳವಣಿಗೆಯೇ ಕೆಡುತ್ತದೆ. 'ಲಾರ್ಜ್ ಬ್ರೀಡ್ ಪಪ್ಪಿ' ಅಂತ ಬರೆದಿರುವ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಕ್ಯಾಲ್ಸಿಯಂ ಬೇಡವೇ ಬೇಡ. ಬರೀ ಮೂಳೆಯಿಲ್ಲದ ಚಿಕನ್-ಅನ್ನ, ಅಥವಾ ಬರೀ ಹಾಲು-ಅನ್ನ ಹಾಕುವುದೂ ತಪ್ಪೇ. ಅದರಲ್ಲಿ ಬೇಕಾದ್ದು ಬೇಕಾದಷ್ಟು ಇರುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಮನೆ ಊಟವೇ ಕೊಡುತ್ತೇವೆ ಅನ್ನುವವರು ಮುದ್ದೆ, ಮಾಂಸ, ಮೊಟ್ಟೆ, ತರಕಾರಿ ಎಷ್ಟೆಷ್ಟು ಅಂತ ಡಾಕ್ಟರಿಂದ ಬರೆಸಿಕೊಳ್ಳಿ.

ಐದನೇ ಹೆಜ್ಜೆ: ನೆಲ, ಮೆಟ್ಟಿಲು, ಓಡಾಟ

ತುಮಕೂರಿನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಗೇಟಿನ ಸದ್ದು ಕೇಳಿದ್ದೇ ತಡ, ಅವರ ಐದು ತಿಂಗಳ ಲ್ಯಾಬ್ರಡಾರ್ ಅಡುಗೆಮನೆಯಿಂದ ಓಡಿಬಂತು. ಹಾಲ್ ತುಂಬಾ ಹೊಳೆಯುವ ಟೈಲ್ಸ್, ಆಗಷ್ಟೇ ಒರೆಸಿದ್ದರು. ತಿರುವಿನಲ್ಲಿ ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರಿ, ಹೊಟ್ಟೆ ನೆಲಕ್ಕೆ ತಾಗಿತು. ಕಾಲು ಒಟ್ಟು ಮಾಡಿಕೊಂಡು ಎದ್ದು ಮತ್ತೆ ಓಡಿತು. "ದಿನಾ ಹೀಗೇ ಸ್ಕೇಟಿಂಗ್ ಮಾಡ್ತಾನೆ ನೋಡಿ" ಅಂತ ಮನೆಯಾಕೆ ಪ್ರೀತಿಯಿಂದ ಹೇಳಿದರು. ಸಡಿಲ ಕೀಲಿನ ಮರಿಗೆ ಆ ಒಂದೊಂದು ಜಾರುವಿಕೆಯೂ ಕುಳಿಯ ಅಂಚಿಗೆ ಬೀಳುವ ಪೆಟ್ಟು. ಅವರಿಗೆ ಹೇಳಿದೆ, ಮಾರನೇ ವಾರವೇ ಬಾಗಿಲಿನಿಂದ ಊಟದ ತಟ್ಟೆಯವರೆಗೆ ರಬ್ಬರ್ ಮ್ಯಾಟ್ ಹಾಸಿದ್ದರು.

ಇಡೀ ಮನೆಗೆ ಮ್ಯಾಟ್ ಬೇಕಿಲ್ಲ. ನಾಯಿ ದಿನಾ ಓಡಾಡುವ ದಾರಿ, ತಿರುವು, ಊಟದ ಜಾಗ, ಮಲಗಿ ಏಳುವ ಜಾಗ ಸಾಕು. ಅಡಿಭಾಗಕ್ಕೆ ರಬ್ಬರ್ ಇರುವ ಮ್ಯಾಟ್ ಒಳ್ಳೆಯದು. ಹಳೆಯ ಯೋಗಾ ಮ್ಯಾಟ್ ಆಗುತ್ತದೆ. ಬರೀ ಗೋಣಿಚೀಲ, ಚಾಪೆ ತಾವೇ ಜಾರುತ್ತವೆ. ಪಾದದ ಅಡಿಯ ಕೂದಲು ಕತ್ತರಿಸಿ, ಉಗುರು ಚಿಕ್ಕದಾಗಿಡಿ. ನೆಲ ಒರೆಸಿದ ಮೇಲೆ ಒಣಗುವವರೆಗೆ ಮರಿಯನ್ನು ಹೊರಗೆ ಬಿಡಿ.

ಮೆಟ್ಟಿಲಿಗೆ ಗೇಟ್ ಹಾಕಿಸಿ. ನಾರ್ವೆಯಲ್ಲಿ ಸುಮಾರು 500 ದೊಡ್ಡ ತಳಿಯ ಮರಿಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿನಿಂದ ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿ ಇಳಿದ ಮರಿಗಳಿಗೆ ಈ ತೊಂದರೆ ಜಾಸ್ತಿ ಕಂಡಿತು. ಅದೇ ವಯಸ್ಸಿನಲ್ಲಿ ಮೆತ್ತನೆಯ, ಸ್ವಲ್ಪ ಏರಿಳಿತದ ನೆಲದಲ್ಲಿ ಬಿಡುವಾಗಿ ಓಡಾಡಿದ ಮರಿಗಳಿಗೆ ಕಡಿಮೆ. ಅಂದರೆ ಮರಿಯನ್ನು ಕಟ್ಟಿಹಾಕಿ ಕೂರಿಸುವುದೂ ತಪ್ಪು. ತೋಟದ ಮಣ್ಣು, ಹುಲ್ಲಿನ ಬಯಲು ಅದಕ್ಕೆ ಹೇಳಿ ಮಾಡಿಸಿದ ಜಾಗ.

ತೊಂದರೆ ಇರುವ ನಾಯಿಗೆ ಒಂದೇ ಸಲ ಉದ್ದ ವಾಕಿಂಗ್ ಬದಲು ದಿನಕ್ಕೆ ಎರಡು-ಮೂರು ಚಿಕ್ಕ ವಾಕಿಂಗ್. ಬೆಲ್ಟ್ ಹಾಕಿ, ಒಂದೇ ಗತಿಯಲ್ಲಿ. ಮಾರನೇ ದಿನ ಕುಂಟಿದರೆ ಹಿಂದಿನ ದಿನ ಜಾಸ್ತಿಯಾಯಿತು ಅಂತ ಅರ್ಥ. ಚೆಂಡು ಎಸೆದು ಓಡಿಸುವುದು, ಎರಡು ಕಾಲಲ್ಲಿ ನಿಲ್ಲಿಸುವುದು, ಸ್ಕೂಟರಿನಿಂದ ಜಿಗಿಸುವುದು ಬಿಡಿ. ವಾರಪೂರ್ತಿ ಮನೆಯಲ್ಲಿ ಮಲಗಿಸಿ ಭಾನುವಾರ ಬೆಟ್ಟ ಹತ್ತಿಸುವುದಂತೂ ಬೇಡವೇ ಬೇಡ.

ಈಜು ಬಹಳ ಒಳ್ಳೆಯ ವ್ಯಾಯಾಮ. ಕೀಲಿಗೆ ಭಾರವಿಲ್ಲದೆ ತೊಡೆ ಗಟ್ಟಿಯಾಗುತ್ತದೆ. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಎಂದೂ ಇಳಿಸಬೇಡಿ. ಅದರ ಅಂಚು ಜಾರುತ್ತದೆ, ನಾಯಿ ಮೇಲೆ ಹತ್ತಲಾರದೆ ದಣಿದು ಮುಳುಗುತ್ತದೆ. ನಿಧಾನ ಇಳಿಜಾರಿರುವ ದಡ, ಹರಿವಿಲ್ಲದ ಶುದ್ಧ ನೀರು, ಉದ್ದನೆ ಹಗ್ಗ, ಮೈಗೆ ಲೈಫ್ ಜಾಕೆಟ್ ಇದ್ದರೆ ಮಾತ್ರ.

ಆರನೇ ಹೆಜ್ಜೆ: ನೋವಿಗೆ ಔಷಧಿ

ನಿಮ್ಮ ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆ ನಾಯಿಗೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ, ಲಿವರ್ ಕೆಡಿಸುತ್ತವೆ, ಜೀವವನ್ನೂ ತೆಗೆಯುತ್ತವೆ. ನಮ್ಮ ನೋವಿನ ಮುಲಾಮೂ ಬೇಡ, ನೆಕ್ಕಿದರೆ ವಿಷ.

ನಾಯಿಗೆಂದೇ ಕಾರ್ಪ್ರೊಫೆನ್, ಮೆಲಾಕ್ಸಿಕಾಮ್, ಫಿರೊಕಾಕ್ಸಿಬ್‌ನಂಥ ಔಷಧಿಗಳಿವೆ. ತೂಕ ನೋಡಿ ಡಾಕ್ಟರ್ ಬರೆದಷ್ಟೇ, ಊಟದ ಜೊತೆ ಕೊಡಿ. ಬಹಳ ದಿನ ಕೊಡಬೇಕಾದರೆ ಕಿಡ್ನಿ-ಲಿವರ್ ರಕ್ತ ಪರೀಕ್ಷೆ ಮೊದಲೂ ನಡುವೆಯೂ ಆಗಬೇಕು. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ನಿಲ್ಲಿಸಿ ಫೋನ್ ಮಾಡಿ. ಇವುಗಳ ಜೊತೆ ಸ್ಟೀರಾಯ್ಡ್ ಎಂದೂ ಸೇರಬಾರದು. ಚರ್ಮಕ್ಕೆ ಅಂತ ಬೇರೆ ಡಾಕ್ಟರ್ ಪ್ರೆಡ್ನಿಸೊಲೋನ್ ಬರೆದಿದ್ದರೆ ಅದನ್ನು ಹೇಳಲು ಮರೆಯಬೇಡಿ.

ಪೂರಕಗಳಲ್ಲಿ ಮೀನಿನೆಣ್ಣೆಯ ಒಮೆಗಾ-3ಗೆ ಒಳ್ಳೆಯ ಆಧಾರವಿದೆ. ಗ್ಲುಕೋಸಮೈನ್‌ಗೆ ಅಷ್ಟು ಗಟ್ಟಿ ಆಧಾರವಿಲ್ಲ. ದುಡ್ಡು ಸೀಮಿತ ಇದ್ದರೆ ಆ ಹಣವನ್ನು ಮ್ಯಾಟಿಗೆ, ರಕ್ತ ಪರೀಕ್ಷೆಗೆ ಇಡಿ. ಚಳಿಗಾಲದ ಬೆಳಗಿನಲ್ಲಿ ಬಿಗಿತ ಜಾಸ್ತಿ. ನಿಮ್ಮ ಮಣಿಕಟ್ಟಿಗೆ ಹಿತವೆನಿಸುವಷ್ಟು ಬಿಸಿಯ ಬಟ್ಟೆಯನ್ನು ಹತ್ತು ನಿಮಿಷ ಸೊಂಟದ ಮೇಲಿಟ್ಟು, ಆಮೇಲೆ ನಡೆಸಿದರೆ ನಾಯಿಗೆ ಸುಲಭ.

ಏಳನೇ ಹೆಜ್ಜೆ: ಆಪರೇಷನ್ ಬೇಕಾ?

ಎಲ್ಲ ನಾಯಿಗೂ ಬೇಕಿಲ್ಲ. ಬೇಕಾದಾಗ ವಯಸ್ಸೇ ದಾರಿ ತೋರಿಸುತ್ತದೆ, ಅದಕ್ಕೇ ಬೇಗ ನೋಡಿಸಿ ಅನ್ನುವುದು. 12ರಿಂದ 20 ವಾರದ ಮರಿಗೆ ಜೆಪಿಎಸ್ ಅನ್ನುವ ಚಿಕ್ಕ ಆಪರೇಷನ್ ಇದೆ. ಸೊಂಟದ ಮೂಳೆಯ ಕೆಳಭಾಗದ ಬೆಳವಣಿಗೆ ನಿಲ್ಲಿಸಿ, ಮರಿ ಬೆಳೆದಂತೆ ಕುಳಿಗಳು ಗುಂಡನ್ನು ಮುಚ್ಚಿಕೊಳ್ಳುವಂತೆ ಮಾಡುತ್ತಾರೆ. ಸುಮಾರು ಐದರಿಂದ ಹತ್ತು ತಿಂಗಳಲ್ಲಿ, ಇನ್ನೂ ಸವೆತ ಇಲ್ಲದಿದ್ದರೆ, ಸೊಂಟದ ಮೂಳೆ ಕತ್ತರಿಸಿ ಕುಳಿಯನ್ನೇ ತಿರುಗಿಸಿ ಕೂರಿಸಬಹುದು. ಆರ್ಥ್ರೈಟಿಸ್ ಬಂದ ಮೇಲೆ ಈ ಎರಡೂ ಬಾಗಿಲು ಮುಚ್ಚುತ್ತವೆ.

ಆಮೇಲೆ ಉಳಿಯುವುದು ಎರಡು. ಗುಂಡನ್ನೇ ತೆಗೆದುಬಿಡುವ ಎಫ್‌ಎಚ್‌ಒ. ಮಾಂಸಖಂಡ, ನಾರು ಸೇರಿ ಅಲ್ಲಿ ಹುಸಿ ಕೀಲೊಂದು ಕೂಡಿಕೊಳ್ಳುತ್ತದೆ, ಮೂಳೆಗೆ ಮೂಳೆ ಉಜ್ಜುವ ನೋವು ಹೋಗುತ್ತದೆ. ಹಗುರ ನಾಯಿಗಳಲ್ಲಿ ಫಲ ಹೆಚ್ಚು ಚೆನ್ನಾಗಿರುತ್ತದೆ. ಆಪರೇಷನ್ ಆದ ಕೆಲವೇ ದಿನಗಳಿಂದ ಕಾಲಿನ ವ್ಯಾಯಾಮ ಮಾಡಿಸಲೇಬೇಕು, ಇಲ್ಲದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ. ಇನ್ನೊಂದು, ಇಡೀ ಕೀಲನ್ನು ಬದಲಿಸುವುದು. ಫಲ ತುಂಬಾ ಒಳ್ಳೆಯದು, ಖರ್ಚೂ ದೊಡ್ಡದು, ಪಳಗಿದ ಕೈ ಬೇಕು. ಯಾವುದೇ ಆದರೂ ಸರ್ಜನ್ ಬಳಿ ಇಂಥದ್ದು ಎಷ್ಟು ಮಾಡಿದ್ದೀರಿ, ಆಮೇಲಿನ ಆರೈಕೆ ಯಾರು ನೋಡುತ್ತಾರೆ ಅಂತ ಸಂಕೋಚವಿಲ್ಲದೆ ಕೇಳಿ.

ಸಂತಾನಹರಣದ ವಯಸ್ಸನ್ನೂ ಇಲ್ಲೇ ಮಾತಾಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಬೀಜ ತೆಗೆಸಿದ ಗಂಡು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಶೇ. 10ಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಇತ್ತು, ತೆಗೆಸದವುಗಳಲ್ಲಿ ಶೇ. 5ಕ್ಕೆ. ದೊಡ್ಡ ತಳಿಯಾದರೆ ಮೂಳೆ ಬೆಳೆದು ಮುಗಿಯುವವರೆಗೆ ಕಾಯಬಹುದಾ ಅಂತ ಡಾಕ್ಟರನ್ನು ಕೇಳಿ.

ಮರಿ ತರುವ ಮೊದಲು, ಮತ್ತೆ ರಿಪೋರ್ಟ್ ಬಂದ ಮೇಲೆ

ಮರಿ ಮಾರುವವರು ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕಾಗದ ತೋರಿಸುತ್ತಾರೆ. ಅದು ವಂಶದ ದಾಖಲೆ. ಸೊಂಟ ಚೆನ್ನಾಗಿದೆ ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ತಂದೆ-ತಾಯಿಯ ಸೊಂಟದ ಎಕ್ಸ್-ರೇ ಕೇಳಿ, ಅದರ ಮೇಲೆ ಹೆಸರು ಅಥವಾ ಮೈಕ್ರೋಚಿಪ್ ಸಂಖ್ಯೆ, ದಿನಾಂಕ ಇದೆಯಾ ನೋಡಿ. ತಾಯಿ ನಾಯಿ ಎದ್ದು ನಡೆಯುವುದನ್ನು ಕಣ್ಣಾರೆ ನೋಡಿ. "ನಮ್ಮ ನಾಯಿಗೆ ಏನೂ ಇಲ್ಲ ಸಾರ್, ಎಕ್ಸ್-ರೇ ಯಾಕೆ" ಅಂದರೆ ಬೇರೆ ಕಡೆ ಹುಡುಕಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ತೆಗೆಸತೊಡಗುತ್ತಾರೆ.

ನಿಮ್ಮ ನಾಯಿಗೆ ಹಿಪ್ ಡಿಸ್‌ಪ್ಲೇಸಿಯಾ ಇದೆ ಅಂತ ಗೊತ್ತಾದ ಮೇಲೆ ಅದರಿಂದ ಮರಿ ಹಾಕಿಸಬೇಡಿ, ಎಷ್ಟೇ ಚೆಂದದ ನಾಯಿಯಾಗಿರಲಿ. ಮರಿ ಕೊಟ್ಟವರಿಗೆ ಫೋನ್ ಮಾಡಿ, ಎಕ್ಸ್-ರೇಯ ಫೋಟೋ ಮತ್ತು ಡಾಕ್ಟರ್ ಬರೆದ ರಿಪೋರ್ಟ್ ಕಳಿಸಿ. ಜಗಳಕ್ಕಲ್ಲ. ಅದೇ ಜೋಡಿಯನ್ನು ಅವರು ಮತ್ತೆ ಕೂಡಿಸದಿರಲಿ ಅಂತ. ಅದೇ ಸೂಲಿನ ಬೇರೆ ಮರಿಗಳು ಯಾರ ಮನೆಯಲ್ಲಿವೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಮನೆಗಳಿಗೂ ವಿಷಯ ಮುಟ್ಟಿಸಲು ಹೇಳಿ. ಆ ಮರಿಗಳಿಗೆ ಇನ್ನೂ ಐದು ತಿಂಗಳು ದಾಟಿಲ್ಲದಿದ್ದರೆ ಈ ವಾರವೇ ಅವುಗಳ ಸೊಂಟವನ್ನೂ ನೋಡಿಸಲಿ.